ಮೂರನೆಯ ಪ್ರತಿ

ಮದುವೆ ಮುಗಿದು ಛತ್ರದ ಶಾಮಿಯಾನ ಬಿಚ್ಚುವ ಹೊತ್ತಿಗೆ
ನನ್ನ ಕೆಲಸ ಶುರು.
ಅರಸೀಕೆರೆಯ ಸ್ಟೇಷನ್ ರಸ್ತೆ, ಮಹಡಿ ಮೇಲಿನ ಸ್ಟುಡಿಯೊ.
ಬಾಗಿಲು ಅರ್ಧ ಎಳೆದು
ಚಪ್ಪಲಿ ಕಳಚಿ ಕೂರುತ್ತೇನೆ.
ಬ್ಯಾಗಿನೊಳಗೆ ಮೂರು ಕಾರ್ಡು,
ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡವು.
ಅವುಗಳೊಳಗೆ ನಾನೂರು ಎಲೆಯ ಊಟ,
ಬೀಗರ ಸಣ್ಣದೊಂದು ಮುನಿಸು,
ಧಾರೆಯ ನೀರು ಇನ್ನೂ ಬೀಳುತ್ತಲೇ ಇದೆ.

ಮೊದಲು ಕಾರ್ಡಿನ ಪಕ್ಕದ ಸಣ್ಣ ಚಿಲಕ ಕೆಳಗೆ ಜಾರಿಸಬೇಕು.
ಈಗ ಓದಬಹುದು, ಅಳಿಸಲಾಗದು.
ಇದನ್ನು ಕಲಿಸಿದವರು ಗುರುಶಾಂತಪ್ಪನವರು,
ರೀಲಿನ ಕಾಲದವರು. ಕತ್ತಲೆ ಕೋಣೆಯ ಔಷಧಿ ವಾಸನೆ
ಕೊನೆಯವರೆಗೂ ಅವರ ಬೆರಳಲ್ಲೇ ಇತ್ತು.
“ಕಟ್ ಮಾಡಬೇಡ ತಾಯಿ, ಕಾಪಿ ಮಾಡು.
ಎಣಿಸು. ಇಳಿಸು. ಮತ್ತೆ ಎಣಿಸು.
ತೆರೆದು ನೋಡು, ಮೊದಲನೇದಲ್ಲ, ಕೊನೇದು.
ಮೊದಲನೇದು ಯಾವಾಗಲೂ ಚೆನ್ನಾಗೇ ಇರ್ತದೆ.”

ಆಮೇಲೆ ಪರದೆಯ ಮೇಲೊಂದು ಹಸಿರು ಗೆರೆ.
ನಲವತ್ತು ನಿಮಿಷ ಬಾಕಿ ಅನ್ನುತ್ತದೆ,
ಮರುಕ್ಷಣ ಎರಡು ಗಂಟೆ, ಆಮೇಲೆ ಹನ್ನೊಂದು ನಿಮಿಷ;
ನಮ್ಮ ಮಾವನ ಹಾಗೆ, ಬರ್ತೀನಿ ಅಂದ ಹೊತ್ತಿಗೆ ಬಂದವರಲ್ಲ.
ಕರೆಂಟು ಹೋದರೆ ಯುಪಿಎಸ್ಸು
ತಾಯಿ ತಪ್ಪಿದ ಕೋಳಿಮರಿ.
ರಾತ್ರಿ ರೈಲು ಬಂದು ಕಿಟಕಿ ಗಾಜು ನಡುಗಿದರೆ
ಡ್ರೈವಿನ ಮೇಲೆ ಅಂಗೈ ಇಡುತ್ತೇನೆ,
ಜ್ವರ ನೋಡುವವಳಂತೆ.
ಪ್ರಯೋಜನವಿಲ್ಲ, ಗೊತ್ತು.

ಒಮ್ಮೆ ಅವಸರಪಟ್ಟೆ.
ದೀಪ ಇನ್ನೂ ಮಿಣುಕುತ್ತಿತ್ತು, ಕಾರ್ಡು ಎಳೆದೆ.
ಬಾಣಾವರದ ಒಂದು ನಾಮಕರಣ.
ತೊಟ್ಟಿಲ ಕಾಲು ಉಳಿಯಿತು, ಮೇಲೆಲ್ಲ ಬೂದಿ ಬಣ್ಣದ ಪಟ್ಟಿ.
ಬೈಗುಳಕ್ಕೆ ಕಾದು ನಿಂತೆ.
ಆ ತಾಯಿ ಸೆರಗಿಗೆ ಕೈ ಒರೆಸಿ,
“ಹೋಗ್ಲಿ ಬಿಡವ್ವ, ಹೆಸರಂತೂ ಇಟ್ಟಾಯ್ತಲ್ಲ” ಅಂದಳು.
ಕಾಫಿ ಕೊಟ್ಟಳು.
ಆ ಲೋಟದ ಬಿಸಿ ಇವತ್ತಿಗೂ ಆರಿಲ್ಲ.

ಅಂದಿನಿಂದ ಮೂರು ಪ್ರತಿ.
ಒಂದು ಸ್ಟುಡಿಯೊ ಬೀರುವಿನಲ್ಲಿ.
ಒಂದು ಮನೆಯ ಸ್ಟೀಲ್ ಡಬ್ಬಿಯಲ್ಲಿ, ಅಕ್ಕಿಗಂಟಿನ ಜೊತೆ.
ಮೂರನೆಯದು ಬೇರೆ ಊರಲ್ಲಿ ಮಲಗಬೇಕು.
ಕಂಪ್ಯೂಟರಿನವರು ಹೇಳುವ ಮೊದಲೇ
ಇದು ನಮ್ಮಜ್ಜಿಗೆ ಗೊತ್ತಿತ್ತು:
ಬಿತ್ತನೆ ರಾಗಿಯನ್ನೆಲ್ಲ ಒಂದೇ ಗುಡಾಣಕ್ಕೆ ಸುರಿದವಳಲ್ಲ,
ನಾಲ್ಕು ಸೇರು ಆಚೆ ಊರಿನ ತಂಗಿ ಮನೆಗೆ.
ಬೆಂಕಿಗೆ ಎರಡೂರು ಒಟ್ಟಿಗೆ ಸಿಗೋದಿಲ್ಲ ಅನ್ನುತ್ತಿದ್ದಳು.

ಹಾಗಾಗಿ ಎರಡು ತಿಂಗಳಿಗೊಮ್ಮೆ
ಕಡೂರು ಬಸ್ಸಿನ ಕಂಡಕ್ಟರ್ ತಿಪ್ಪೇಶಿಯ ಕೈಗೆ
ಟವೆಲ್ಲಿನಲ್ಲಿ ಸುತ್ತಿದ ಹಾರ್ಡ್ ಡಿಸ್ಕು.
“ಏನಕ್ಕ ಇದು, ತೂಕವೇ ಇಲ್ಲ?”
“ಇಪ್ಪತ್ತಾರು ಮದುವೆ.”
“ಹಂಗಾದ್ರೆ ಲಗೇಜ್ ಟಿಕೆಟ್ ಹರೀಬೇಕು.”
ಅಲ್ಲಿ ವನಜಕ್ಕ ಇಳಿಸಿಕೊಂಡು ಸೀರೆಗಳ ನಡುವೆ ಇಡುತ್ತಾಳೆ.
ಯಾರ ಮದುವೆ ಅಂತ ಕೇಳಿದವಳಲ್ಲ.

ಹೋದ ವಾರ ಒಬ್ಬ ಹುಡುಗ ಮೆಟ್ಟಿಲು ಹತ್ತಿ ಬಂದ.
ವೈರಿಂಗ್ ಕೆಲಸದವನು, ಜೇಬಲ್ಲಿ ಟೆಸ್ಟರು.
ಒಂಬತ್ತು ವರ್ಷದ ಹಿಂದಿನ ಜಾವಗಲ್ಲಿನ ಮದುವೆ,
ಅವನ ನೆಂಟರದಲ್ಲ.
“ನಮ್ಮಪ್ಪ ಅಡುಗೆಯವರ ಜೊತೆ ಬಂದಿದ್ರು,
ಸಾರಿನ ಬಕೆಟ್ ಹಿಡೀತಿದ್ರು.
ಎಲ್ಲಾದ್ರೂ ಬಿದ್ದಿರಬಹುದಾ?”

ಬೀರುವಿನ ಪ್ರತಿ ತಿರುಗಲಿಲ್ಲ, ಟಕ್ ಟಕ್ ಅಂದು ಸುಮ್ಮನಾಯಿತು.
ಡಬ್ಬಿಯದನ್ನು ಹೊಸ ಡಿಸ್ಕಿಗೆ ತುಂಬುವಾಗ
ಆ ವರ್ಷವೇ ಬಿಟ್ಟುಹೋಗಿತ್ತು, ನನ್ನದೇ ತಪ್ಪು.
ಕಡೂರಿಗೆ ಫೋನು ಮಾಡಿದೆ.
ಸಂಜೆ ಬಸ್ಸಿಗೆ ತಿಪ್ಪೇಶಿ ತಂದ, ಅದೇ ಟವೆಲ್ಲು.

ಸರಿಸಿದೆ, ಸರಿಸಿದೆ.
ಆಲ್ಬಮ್ಮು ಸೇರದವು, ಕಣ್ಣು ಮುಚ್ಚಿದವು, ಕೈ ಅಲುಗಿದವು,
ಅಳಿಸಬೇಕಿತ್ತು, ಸೋಮಾರಿತನಕ್ಕೆ ಉಳಿದವು.
ಒಂದರಲ್ಲಿ ಹೆಣ್ಣಿನ ಸೋದರಮಾವ ಹೋಳಿಗೆ ಮುರಿಯುತ್ತಿದ್ದಾನೆ,
ಅವನ ಹಿಂದೆ ಬಕೆಟ್ಟು, ಸೌಟು, ಹಬೆ,
ಹಬೆಯ ಆಚೆ ಅರ್ಧ ಮುಖ,
ಯಾರನ್ನೋ ಗದರುತ್ತಿರುವ ಬಾಯಿ.
ಹುಡುಗ ಪರದೆಗೆ ಬಾಗಿದ.
“ಇದೇ. ಹಿಂಗೇ ಬೈತಿದ್ರು.”

ದುಡ್ಡೆಷ್ಟು ಅಂದ.
ಸ್ವಿಚ್‌ಬೋರ್ಡು ಸಡಿಲವಾಗಿದೆ ನೋಡಪ್ಪ, ಅಂದೆ.
ಅವನು ಸ್ಟೂಲು ಹತ್ತುವಾಗ
ನಾನು ಆ ವರ್ಷವನ್ನು ಹೊಸ ಡ್ರೈವಿಗೆ ಹಾಕಿದೆ.
“ಕರೆಂಟ್ ತೆಗೀಲಾ ಅಕ್ಕ?”
“ತಡಿ,” ಅಂದೆ, “ಇನ್ನೂ ಇಳೀತಿದೆ.”