ಸಾಂಚಾ ಬಂದ್ ಇದ್ದ ದಿನ

ಇವತ್ತ ಸಾಂಚಾ ಬಂದ್.
ಅಕ್ಕಲಕೋಟ ರೋಡಿನ ಶೆಡ್ಡಿಗೆ ಕೀಲಿ ಬಿದ್ದೈತಿ.
ನನ್ನ ಕಿವ್ಯಾಗ ಮಾತ್ರ ನಡದೇ ಐತಿ,
ಖಟ್ ಖಟಾ ಖಟ್,
ಇಪ್ಪತ್ತೆರಡು ವರ್ಷದ ಲಾಳಿ.

ಮುಂಜಾನೆ ಎದ್ದಕೂಡಲೇ ಸ್ನೇಹಲ್ ಅಂಗೈ ತೋರಿಸಿದ್ಲು.
ಪೆನ್ನಿಲೆ ಬರಕೊಂಡಿದ್ಲು, ಅಕ್ಷರ ಮರಾಠಿ, ಮಾತು ನಮ್ಮವು:
ಮಜ್ಜಿಗಿ. ಬಳ್ಳೊಳ್ಳಿ. ತತ್ತಿ ಎರಡು. ಕೋಳಿ ತೊಡಿ ನಾಕು.
ಹೆಬ್ಬೆರಳಿನ ಬುಡಕ್ಕ, ಅಡಿಗೆರಿ ಹೊಡದು,
ಕುರುಕುರು ಆಗಬೇಕು.

ಮಾಲಿನ್ಯಾಗ ಬಕೆಟ್ಟಿನ ಕೋಳಿ ಒಮ್ಮೆ ತಿಂದಾಳ,
ಗೆಳತಿ ಹುಟ್ಟಿದ ದಿನಕ್ಕ.
ಆ ಬಕೆಟ್ಟಿನ ರೇಟು ಕೇಳಿ ಮಹಾನಂದಾ
ಬೀಡಿ ಲೆಕ್ಕ ಹಾಕಿದ್ಲು: ಮೂರು ದಿನ ಸುತ್ತಬೇಕು.
ಬೈಲಿಲ್ಲ. ಲೆಕ್ಕ ಅಷ್ಟ ಹೇಳಿದ್ಲು.

ಬ್ರೆಡ್ಡಿನ ಪುಡಿ ಅಂದ್ರ ಏನಂತ
ಬಾಜೂಮನಿ ಅಂಬುಬಾಯಿಗೂ ಗೊತ್ತಿರಲಿಲ್ಲ.
ಅಕಿ ತೆಲುಗಿನ್ಯಾಗ ನಕ್ಕು
ನಮ್ಮ ಗೂಟಕ್ಕ ತೂಗಬಿಟ್ಟ ಬುಟ್ಟಿ ಕಡೆ ಬೊಟ್ಟು ಮಾಡಿದ್ಲು.
ಕಡಕ್ ರೊಟ್ಟಿ! ಮಾಲದಂಡಿ ಜೋಳದ್ದು,
ಹೋದ ವಾರ ಬಡದದ್ದು, ಮುರದ್ರ ಹೆಂಚು ಮುರದಂಗ.

ಲಟ್ಟಣಿಗಿಲೆ ಅರದೆ. ಕಾಳಾ ಮಸಾಲಿ, ಉಪ್ಪು, ಒಂದು ಚಿಮಟಿ ಎಳ್ಳು.
ಮೆಹಬೂಬ ಕಡದುಕೊಟ್ಟ ತೊಡಿ
ಮಧ್ಯಾಹ್ನದ ತನಕ ಮಜ್ಜಿಗ್ಯಾಗ ಮಲಗಿದ್ವು.
ಎಬ್ಬಿಸಿ ತತ್ತ್ಯಾಗ ಅದ್ದಿ, ಪುಡ್ಯಾಗ ಹೊರಳಿಸಿ,
ಮತ್ತ ಅದ್ದಿ, ಮತ್ತ ಹೊರಳಿಸಿ.
ಮೈತುಂಬ ಜೋಳ ಹೊದ್ದ ಕೋಳಿ
ಹೊಲದ್ಯಾಗ ಓಡ್ಯಾಡಿ ಬಂದಂಗ ಕಂಡಿತು.

ಶೇಂಗಾ ಎಣ್ಣಿಗೆ ಮೊದಲ ತುಂಡು ಬಿಟ್ಟೆ.
ಮಹಾನಂದಾ ಹಿಂದಕ್ಕ ಸರದ್ಲು. ಮಗಳು ಕಿವಿ ಮುಚ್ಚಿಕೊಂಡ್ಲು.
ನನಗ ಬರೇ ನೊರಿ.
"ಸಪ್ಪಳಾ ಸಣ್ಣದಾದ್ರ ಬೆಂದಂಗಪ್ಪಾ," ಅಂದ್ಲು
ತುಟಿ ಅಗಲಿಸಿ, ಒಂದೊಂದೇ ಅಕ್ಷರಾ,
ಶೆಡ್ಡಿನ್ಯಾಗ ನಾವು ಮಾತಾಡೋ ಹಂಗ.

ನನಗೆಲ್ಲಿಯ ಸಪ್ಪಳಾ.
ಎಳಿ ಹರದದ್ದೂ ನಾ ಬೆರಳಿಲೆ ತಿಳಕೊಳ್ಳಾವ.
ಇಕ್ಕಳ ಹಿಡದು ಕುಂತೆ.
ಮೊದಲ ಗದಗದ ನಡುಗಿತು,
ಆಮ್ಯಾಲೆ ಜುಮು ಜುಮು,
ಆಮ್ಯಾಲೆ, ಪಾಳಿ ಮುಗದಾಗ ಮೋಟರ್ ಉಸಿರು ಬಿಡತೈತಲ್ಲ, ಹಂಗ.
ತಗದೆ.
ಸ್ನೇಹಲ್ ತಲಿ ಅಲ್ಲಾಡಿಸಿದ್ಲು, ಇನ್ನಾ ಒದರಾಕತ್ತೈತಿ.
ಅಕಿದೇ ಖರೆ. ಎಲುವಿನ ಬುಡಕ್ಕ ಕೆಂಪು ಉಳದಿತ್ತು.
ಮತ್ತ ಬಿಟ್ಟೆ.

ಎಣ್ಣಿ ಬಸಿಯಾಕ ಪೇಪರು, ಪೇಪರಿನ ತೆಳಗ
ನನ್ನ ಸಾಂಚಾದಿಂದ ಬಿದ್ದ ಸೆಕೆಂಡ್ ಮಾಲಿನ ಟಾವೆಲ್.
ಅಂಚಿನ ಹೂವಿಗೆ ಒಂದು ಎಸಳು ಕಮ್ಮಿ.

ಮೊದಲ ನಾನೇ ಕಡದೆ.
ಕರ್ರಂ.

ಯಾರರೆ ಬಾಗಿಲಾ ಬಡದ್ರೇನು ಅಂತ ಹೊಳ್ಳಿ ನೋಡಿದೆ.
ಯಾರೂ ಇಲ್ಲ.
ಮತ್ತ ಕಡದೆ. ಕರ್ರಂ.
ದವಡಿ ಎಲುವಿನ ದಾರಿ ಹಿಡದು
ಲಾಳಿಗೆ ಗೊತ್ತಾಗದಂಗ
ಹಿತ್ತಲಬಾಗಲದಿಂದ ಕಿವ್ಯೊಳಗ ಬಂದಿತ್ತು.

ಹೆಂಗಾಗೈತಿ, ಮಹಾನಂದಾನ ತುಟಿ ಕೇಳಿದ್ವು.
"ಕೇಳಸ್ತೈತಿ," ಅಂದೆ.
"ನಾ ರುಚಿ ಕೇಳೀನಿ."
"ಉಪ್ಪು ಕಮ್ಮಿ ಐತಿ," ಅಂದೆ, ಮತ್ತ ಕಡದೆ.

ಒಂದು ತೊಡಿ ಅಂಬುಬಾಯಿಗೆ ಹೋತು.
ಮಗಳ ಅಂಗೈಯಾನ ಮಜ್ಜಿಗಿ, ಬಳ್ಳೊಳ್ಳಿ ಎಲ್ಲಾ
ಎಣ್ಣ್ಯಾಗ ಕಲಸಿ ಹೋಗಿ
ಬರೇ ಆ ಗೆರಿ ಉಳದಿತ್ತು. ಅದನ್ನೂ ನೆಕ್ಕಿದ್ಲು.

ರಾತ್ರಿ ನಿದ್ದಿ ಬರಲಿಲ್ಲ.
ಮುಂಜಾನೆ ಏಳಕ್ಕ ಪಾಳಿ.
ಕತ್ತಲ್ಯಾಗ ಬುಟ್ಟಿಗೆ ಕೈ ಹಾಕಿ
ಉಳದ ಅರ್ಧ ರೊಟ್ಟಿ ತಗೊಂಡು
ಗ್ವಾಡಿಗೆ ಆತು ಕುಂತು ಕಡಕೋತ ಕೇಳಿದೆ,
ಕೇಳಿಕೋತ ಕಡದೆ.

ಭಕ್ಕನೆ ಲೈಟ್ ಹತ್ತಿತು.
ಮಹಾನಂದಾ ಕೈಯಾಗ ಕಸಬರಗಿ ಹಿಡಕೊಂಡು ನಿಂತಿದ್ಲು,
ಇಲಿ ಅಂತ ಮಾಡಿದ್ಲಂತ.