ಕಾಲು ಸುತ್ತು ಗುಂಯ್

ಮಂಡಿಪೇಟೆಯ ಹಿಂದಿನ ಓಣಿಗೆ, ಆಟೋದಲ್ಲಿ,
ಬಾಣಂತಿಯನ್ನು ತಂದ ಹಾಗೆ ಕಂಬಳಿ ಸುತ್ತಿ
ದೇವದಾನಪ್ಪ ಇಳಿಸಿದರು ಆ ಪೆಟ್ಟಿಗೆಯನ್ನು.
ಹಿಡಿಕೆ ಕಿತ್ತುಹೋದಲ್ಲಿ ಮಿಲ್ಲಿನ ಬೆಲ್ಟಿನ ತುಂಡು.
"ಮೂರು ಥರ ಸದ್ದು ಮಾಡ್ತೈತಮ್ಮಾ," ಅಂದವರು
ಒಂದೊಂದನ್ನೂ ಬಾಯಲ್ಲೇ ಮಾಡಿ ತೋರಿಸಿದರು.
ಮೊದಲನೆಯದು, ಭಟ್ಟಿಯ ಬಿಸಿ ಮರಳಲ್ಲಿ ಮಂಡಕ್ಕಿ ಸಿಡಿದ ಹಾಗೆ.
ಎರಡನೆಯದು, ಕಂಚಿನ ಲೋಟ ಬಿದ್ದು ಬೇಗ ಸುಮ್ಮನಾಗದ ಹಾಗೆ.
ಮೂರನೆಯದಕ್ಕೆ ಬಾಯಿ ತೆರೆಯಲಿಲ್ಲ,
ತುಟಿ ಮುಚ್ಚಿ, ಗಂಟಲೊಳಗೇ,
ಗುಂಯ್.

ಎಡಗೈ ಜೇಬಿನಲ್ಲಿ.
ವೀರಭದ್ರಾಚಾರ್ ಕಲಿಸಿದ ಮೊದಲ ಪಾಠ.
ಆಗ ನನ್ನ ಚೂಡಿದಾರಕ್ಕೆ ಜೇಬಿರಲಿಲ್ಲ,
"ದರ್ಜಿ ಹತ್ರ ಹೋಗಿ ಇಡಿಸ್ಕೊಂಡು ಬಾ, ಆಮೇಲೆ ಟೆಸ್ಟರ್ ಮುಟ್ಟು" ಅಂದಿದ್ದರು.
ನಾನ್ನೂರು ವೋಲ್ಟು,
ಪ್ಲಗ್ಗು ಕಿತ್ತರೂ ಮನೆ ಬಿಡದ ನೆಂಟ.
ಎರಡೂ ಕೈ ಚಾಚಿದರೆ ಎದೆಯ ಮೇಲೆ ಹಾದು ಹೋಗುತ್ತಾನೆ.

ಹಿಂಬದಿಯ ಹಲಗೆ ಬಿಚ್ಚಿದೆ. ಸತ್ತ ಜಿರಳೆ ಒಂದು,
ಯಾವುದೋ ಆರ್ಕೆಸ್ಟ್ರಾದ ಅರ್ಧ ಹರಿದ ಕರಪತ್ರ,
ಮೂಲೆಯಲ್ಲಿ ಹತ್ತಿಯ ಧೂಳು, ತಾನೇ ಹೊಸೆದುಕೊಂಡು
ದೇವರ ದೀಪಕ್ಕಾಗುವಷ್ಟು ಬತ್ತಿ.

ಅಂಗಡಿಯ ದೀಪ ಆರಿಸಿ ಸ್ವಿಚ್ಚು ಹಾಕಿದೆ.
ವಾಲ್ವುಗಳು ಒಂದೊಂದೇ ಕೆಂಡ ಹಿಡಿದವು.
ದೊಡ್ಡವೆರಡರಲ್ಲಿ ಒಂದಕ್ಕೆ ನೆತ್ತಿಯ ಬೆಳ್ಳಿ ಕಂದಿ
ನಾಲ್ಕಾಣೆಯ ಅಗಲಕ್ಕೆ ಕುಗ್ಗಿತ್ತು,
ಒಳಗಿನ ತಗಡು ಕೆಂಪೇರುತ್ತಿತ್ತು, ಕೆಂಪಾಗಬಾರದ ತಗಡು.
ತಕ್ಷಣ ಆರಿಸಿದೆ. ಜ್ವರ ಅವನದೋ
ಅವನಿಗೆ ಉಣಿಸುವ ಕೆಪಾಸಿಟರಿನದೋ
ಎರಡನ್ನೂ ಬದಲಿಸಿದ ಮೇಲೂ ನನಗೆ ಖಾತ್ರಿಯಿಲ್ಲ.

ಸಣ್ಣ ವಾಲ್ವುಗಳಿಗೆ ಪೆನ್ಸಿಲ್ಲಿನ ಹಿಂಬದಿ.
ಟಕ್. ಟಕ್.
ಮೂರನೆಯದು ಟಂಯ್ಯ್ಯ್ ಅಂದು
ಎದುರಿನ ಬೆಣ್ಣೆ ದೋಸೆ ಅಂಗಡಿಯವನೂ ತಿರುಗಿ ನೋಡಿದ.
ಸಿಕ್ಕಿತು ಕಂಚಿನ ಲೋಟ.
ಮಂಡಕ್ಕಿಯದೂ ಸಿಕ್ಕಿತು, ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿದ
ಒಂದು ರೆಸಿಸ್ಟರು, ಅವರೆಕಾಳಿಗಿಂತ ಚಿಕ್ಕದು.

ಗುಂಯ್ ಮಾತ್ರ ಮೂರು ದಿನ ಹಿಡಿಯಿತು.
ಹೊಟ್ಟೆಯುಬ್ಬಿದ ಕೆಪಾಸಿಟರುಗಳನ್ನು ತೆಗೆದೆ,
ಅರ್ತಿಂಗ್ ತಂತಿಯ ಬೆಸುಗೆಯನ್ನು ಮತ್ತೆ ಹಾಕಿದೆ,
ಕೊನೆಗೆ ಬೆನ್ನಿನ ಮೇಲಿನ ಸಣ್ಣ ಸ್ಕ್ರೂ,
ಅತ್ತ ತಿರುಗಿಸಿದರೂ ಇತ್ತ ತಿರುಗಿಸಿದರೂ ಸದ್ದು ಹೆಚ್ಚುವಂಥದು,
ನಡುವೆ ಒಂದು ಕೂದಲೆಳೆಯ ಜಾಗ.
ಅಲ್ಲಿ ನಿಲ್ಲಿಸಿದೆ.
ಅಷ್ಟು ಚೊಕ್ಕ ಮೌನ ನನ್ನ ಅಂಗಡಿಯಲ್ಲಿ ಎಂದೂ ಇರಲಿಲ್ಲ.

ದೇವದಾನಪ್ಪ ಬಂದು ಸ್ಪೀಕರಿನ ಮುಂದೆ ಕುಕ್ಕರಗಾಲಲ್ಲಿ ಕೂತರು.
"ಇನ್ನೂ ಐತಲ್ಲ."
ನಾನು ಬಟ್ಟೆಗೆ ಕಿವಿ ಹಚ್ಚಿದೆ. ಏನಿಲ್ಲ.
"ಐತೆ."
ಸ್ವಿಚ್ಚು ಆರಿಸಿದೆ.
"ಐತೆ."
ಪ್ಲಗ್ಗು ಕಿತ್ತು ಅವರ ಕೈಗೇ ಕೊಟ್ಟೆ.
ಪ್ಲಗ್ಗಿನ ಮೂರು ಕಾಲುಗಳನ್ನು ಬಹಳ ಹೊತ್ತು ನೋಡಿದರು.

"ಮಿಲ್ಲಲ್ಲಿ ಎಷ್ಟು ವರ್ಷ ಇದ್ರಿ?"
"ಹಗಲು ರಿಂಗ್ ಫ್ರೇಮು, ಇಪ್ಪತ್ತಾರು. ರಾತ್ರಿ ಗಿಟಾರು."
ಆ ಕದಿರುಗಳನ್ನೆಲ್ಲ ಗುಜರಿಯವರು ತೂಕಕ್ಕೆ ಒಯ್ದರು.
ಸದ್ದನ್ನು ತೂಗಲಿಕ್ಕೆ ಯಾರೂ ತಕ್ಕಡಿ ತಂದಿರಲಿಲ್ಲ
ಎಂದು ಹೇಳಹೊರಟು ನುಂಗಿಕೊಂಡೆ.
ಅವರಿಗೆ ಬೇಕಿದ್ದದ್ದು ಮಾತಲ್ಲ.

"ಮೊದ್ಲು ಇದು ಕೂಗ್ತಿತ್ತಲ್ಲ, ಆಗ ಅದು ಕೇಳ್ತಿರಲಿಲ್ಲ," ಅಂದರು.
"ಸ್ವಲ್ಪ ವಾಪಸ್ ಹಾಕಮ್ಮಾ. ಪೂರ್ತಿ ಬ್ಯಾಡ."

ವೀರಭದ್ರಾಚಾರ್ ಇದ್ದಿದ್ದರೆ ಬೈಯುತ್ತಿದ್ದರು.
ನಾನು ಸ್ಕ್ರೂಡ್ರೈವರ್ ಹಿಡಿದೆ,
ಅವರು ಕಣ್ಣು ಮುಚ್ಚಿದರು,
ಇನ್ನೂ, ಇನ್ನೊಂಚೂರು, ಹ್ಞಾ, ನಿಲ್ಸು.
ಕಾಲು ಸುತ್ತು.
ಅವರ ಭುಜ ಒಂದಂಗುಲ ಇಳಿಯಿತು.

ರಸೀದಿ ಬರೆಯುವಾಗ ಪೇಚಿಗೆ ಸಿಕ್ಕಿಕೊಂಡೆ.
ವಾಲ್ವು ಎರಡು, ಕೆಪಾಸಿಟರು ಐದು, ರೆಸಿಸ್ಟರು ಒಂದು.
ಗುಂಯ್ ತೆಗೆದದ್ದಕ್ಕೆ ಮುನ್ನೂರು.
ಗುಂಯ್ ಹಾಕಿದ್ದಕ್ಕೆ,
ಅಲ್ಲಿ ಪೆನ್ನು ನಿಂತು ಶಾಯಿ ಚುಕ್ಕೆಯಾಯಿತು.
ದೇವದಾನಪ್ಪ ಅದನ್ನು ಸೊನ್ನೆ ಎಂದು ಓದಿಕೊಂಡು
ಕಂಬಳಿ ಜಾಡಿಸಿದರು.