ಚುಕ್ಕಾಣಿಯ ತಂತಿ

ಹೆಸರು ಹಂಝ. ರೇಷನ್ ಕಾರ್ಡಿನ ಗುಮಾಸ್ತ ಹಂಸ ಎಂದು ಬರೆದ.
ಸರಿಯೇ ಹೋಯಿತು, ನೀರಿನ ಮೇಲೇ ಕಳೆದೆ ಆಯುಷ್ಯ,
ಅದೂ ಮೊಳದುದ್ದದ ದೋಣಿಯಲ್ಲಿ,
ದಡದಲ್ಲಿ ನಿಂತು.

ಸಿದ್ದಾಪುರದಲ್ಲಿ ಪಂಪ್‌ಸೆಟ್ ರಿಪೇರಿ ನನ್ನ ಅನ್ನ.
ಬಿದ್ದಪ್ಪನ ತೋಟದ ಕೆರೆಗೆ ಮೊದಲು ಹೋದದ್ದು
ಎಪ್ಪತ್ತೆಂಟರಲ್ಲಿ, ಫುಟ್‌ವಾಲ್ವ್ ಕಟ್ಟಿಕೊಂಡಿದೆ ಎಂದು.
ಸಿಕ್ಕಿದ್ದು ಕಪ್ಪೆಯಲ್ಲ,
ಹಿತ್ತಾಳೆಯ ಪುಟ್ಟ ಪ್ರೊಪೆಲರ್.
ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಕೈ ಚಾಚಿದ:
ಕೊಡು, ಅದು ನಂದು.

ಅಷ್ಟೇ. ಆಮೇಲೆ ನಲವತ್ತಾರು ವರ್ಷ.

ಅವನ ದೋಣಿ ಮಿಂಚುಳ್ಳಿ. ನನ್ನದು ನೀರುಕಾಗೆ,
ಓಡಿದ್ದಕ್ಕಿಂತ ಮುಳುಗಿದ್ದೇ ಹೆಚ್ಚು.
ಸಿಲ್ವರ್ ಓಕ್ ಚಕ್ಕೆ, ಹಾರ್ಲಿಕ್ಸ್ ಬಾಟಲಿಯ ಮುಚ್ಚಳ ಕತ್ತರಿಸಿ ಚುಕ್ಕಾಣಿ,
ಟೇಪ್ ರೆಕಾರ್ಡರಿನ ಮೋಟಾರು. ಆಮೇಲೆ ಎಂಜಿನ್ ಬಂತು,
ಹರಳೆಣ್ಣೆ ಸುಟ್ಟ ಹೊಗೆ ಅಂಗಿಗೆ ಹತ್ತಿ
ಮನೆಯಲ್ಲಿ ಸೈನಬ ಕೇಳುತ್ತಿದ್ದಳು:
ಯಾರಿಗೆ ಹೆರಿಗೆ ಮಾಡಿಸಿ ಬಂದಿರಿ?

ರೇಡಿಯೋಗೆ ಒಂದೊಂದು ಹರಳು, ಹರಳಿಗೊಂದು ಬಣ್ಣ.
ಅವನ ಆಂಟೆನಾಕ್ಕೆ ಕೆಂಪು ರಿಬ್ಬನ್ನು, ನನ್ನದಕ್ಕೆ ಹಳದಿ.
ಒಮ್ಮೆ ಮರೆತು ಇಬ್ಬರೂ ಕೆಂಪು:
ಅವನು ಎಡಕ್ಕೆ ಎಂದರೆ ನನ್ನದೂ ಎಡಕ್ಕೆ,
ನಾನು ನಿಲ್ಲು ಎಂದರೆ ಅವನದು ನಿಂತಿತು.
ಹಿಡಿಯಲು ಹೋಗಿ, ಬಿದ್ದಪ್ಪ ಬಿದ್ದನಪ್ಪ!
ಲೈನ್‌ಮನೆಯ ಮಕ್ಕಳು ಎರಡು ತಲೆಮಾರು ಅದನ್ನೇ ಕೂಗಿದರು.

ಮಳೆ ಬಿಟ್ಟು ಕೆರೆ ತಿಳಿಯಾದ ಮೇಲೆ ನಮ್ಮ ಕಾಲ.
ಮೂರು ಫಿನೈಲ್ ಕ್ಯಾನು ತೇಲಿಬಿಟ್ಟರೆ ಅದೇ ರೇಸಿನ ದಾರಿ.
ಫೆಬ್ರವರಿಯಲ್ಲಿ ಕಾಫಿ ಹೂ ಬಿಡಿಸಲು ಸ್ಪ್ರಿಂಕ್ಲರ್ ಹಾಕುತ್ತಾರೆ,
ನೀರು ದಿನಕ್ಕೊಂದು ಗೇಣು ಇಳಿಯುತ್ತದೆ.
ನಾನೇ ರಿಪೇರಿ ಮಾಡಿದ ಪಂಪು
ನನ್ನ ರೇಸಿನ ನೀರು ಕುಡಿಯುತ್ತದೆ.
ಹೂವಿನ ಘಮ ಎದ್ದ ದಿನ ಆಟ ಬಂದ್.
ಊರಿಗೆಲ್ಲ ಆ ವಾಸನೆ ಹಬ್ಬ,
ನಮಗೆ ರಜೆ ಮುಗಿದು ಶಾಲೆ ಶುರುವಾದ ಹಾಗೆ.

ದೋಣಿ ನೀರಿನ ಮೇಲೆ ಬಿಡುವ ಗೆರೆ ಅವರವರ ಕೈಬರಹ.
ಬಿದ್ದಪ್ಪನದು ಮೂರನೇ ಕ್ಯಾನಿನ ಹತ್ತಿರ
ಒಡಿಕತ್ತಿಯ ಬಾಗು, ಒಂದೇ ಎಳೆತ.
ಈ ಸಲ ಹುತ್ತರಿ ಕಳೆದ ಭಾನುವಾರ
ಆ ಗೆರೆಯಲ್ಲಿ ಸಣ್ಣ ಸಣ್ಣ ಹಲ್ಲು ಕಂಡೆ,
ಗರಗಸದ ಹಾಗೆ.
ಗಾಳಿ ಇರಲಿಲ್ಲ. ಬ್ಯಾಟರಿ ಹೊಸದು.
ಅವನ ಹೆಬ್ಬೆರಳು ನೋಡಿದೆ. ನೋಡಬಾರದಿತ್ತು.

ಡಾಕ್ಟರಿಗಿಂತ ಮೊದಲು ಕೆರೆಗೆ ಗೊತ್ತಾಗಿತ್ತು.

ಅವನು ಕಾಫಿ ಹೇಳಲು ಒಳಗೆ ಹೋದಾಗ
ಮಿಂಚುಳ್ಳಿಯ ಮುಚ್ಚಳ ಬಿಚ್ಚಿ
ಚುಕ್ಕಾಣಿಯ ತಂತಿಯನ್ನು ಹೊರಗಿನ ತೂತಿನಿಂದ ತೆಗೆದು
ಒಳಗಿನ ತೂತಿಗೆ ಸಿಕ್ಕಿಸಿದೆ.
ಇನ್ನು ಬೆರಳು ನಡುಗಿದರೂ ಚುಕ್ಕಾಣಿಗೆ ಅರ್ಧವೇ ಕೇಳಿಸುತ್ತದೆ.
ತಿರುವು ಅಗಲ, ಗೆರೆ ನಯ.
ಕಳ್ಳತನವೋ ರಿಪೇರಿಯೋ, ಆ ತೋಟದಲ್ಲಿ
ನಾನು ಬಿಲ್ ಹಾಕದ ಕೆಲಸ ಅದೊಂದೇ.

ಎರಡು ವಾರ ಗೆದ್ದ.
ದೋಣಿಗೂ ವಯಸ್ಸಾಯ್ತು ಮಾರಾಯ, ಸೋಮಾರಿ ತಿರುಗ್ತದೆ, ಅಂದ.
ಗ್ರೀಸ್ ಗಟ್ಟಿಯಾಗಿರಬೇಕು, ಅಂದೆ.
ಹೌದು, ಗ್ರೀಸೇ, ಅಂದ.

ನಿನ್ನೆ ಕೊನೆಯ ಓಟ. ನೀರು ಸೊಂಟಕ್ಕಿಲ್ಲ,
ಒಂದು ಕ್ಯಾನು ಆಗಲೇ ಕೆಸರಲ್ಲಿ ಮಗ್ಗುಲಾಗಿತ್ತು.
ಮಿಂಚುಳ್ಳಿ ಬುಡಕ್ಕೇ ತಿರುಗಿತು, ಕ್ಯಾನಿಗೆ ಉಜ್ಜುವಷ್ಟು ಹತ್ತಿರ,
ಗೆರೆ ತುಂಬ ಹಲ್ಲು, ಹಲ್ಲು ತುಂಬ ಬಿಸಿಲು,
ಹಾಗೇ ಹೋಗಿ ಜೊಂಡಿಗೆ ನುಗ್ಗಿ ನಿಂತಿತು.
ಸೋತ. ದಡದಲ್ಲಿ ಕೂತು
ಕೆಮ್ಮು ಬರುವವರೆಗೆ ನಕ್ಕ.

ಪ್ಯಾಂಟು ಮಡಿಚಿ ನಾನೇ ಇಳಿದೆ ತರಲು.
ಮುಚ್ಚಳದ ಒಂದು ಸ್ಕ್ರೂ ಸಡಿಲ.
ಬೆನ್ನು ತಿರುಗಿಸಿ ಬಿಚ್ಚಿದೆ:
ತಂತಿ ಹೊರಗಿನ ತೂತಿನಲ್ಲಿತ್ತು.

ಕಾಲಡಿ ಕೆಸರು ತಣ್ಣಗೆ. ಆಚೆ ಪಂಪು ಶುರುವಾಯಿತು,
ಬೇರಿಂಗಿನ ಸದ್ದು ಸರಿಯಿಲ್ಲ, ನಾಳೆ ನೋಡಬೇಕು.